ನಿರಪರಾಧಿಗೆ ಮಾತ್ರ ಮಾನವೇ?

1974ರ ಡಿಸೆಂಬರ್ ತಿಂಗಳಲ್ಲಿ, ಪಶ್ಚಿಮ ಜರ್ಮನಿಯ ಸಂಸತ್ತಿನಲ್ಲಿ ವಿರೋಧಪಕ್ಷದ ನಾಯಕನಾಗಿದ್ದ ಕಾರ್ಲ್ ಕಾರ್ಸ್ಟನ್ಸ್ ದೇಶಕ್ಕೆ ಒಂದು ಕರೆ ಕೊಟ್ಟ. ಪ್ರಜೆಗಳೆಲ್ಲರೂ ಭಯೋತ್ಪಾದನೆಗೂ ತಮಗೂ ಸಂಬಂಧವಿಲ್ಲವೆಂದು ಸಾರಬೇಕು. ಅದರಲ್ಲೂ ಲೇಖಕ ಹೈನ್ರಿಷ್ ಬೋಲ್ ಸಾರಲೇಬೇಕು, ಏಕೆಂದರೆ ಈತ ಕೆಲವೇ ತಿಂಗಳ ಹಿಂದೆ ಕ್ಯಾಥರೀನಾ ಬ್ಲ್ಯೂಮ್ ಎಂಬ ಕಾವ್ಯನಾಮದಲ್ಲಿ ಹಿಂಸೆಯನ್ನು ಸಮರ್ಥಿಸುವ ಪುಸ್ತಕ ಬರೆದಿದ್ದಾನೆ ಎಂಬುದು ಆ ಕರೆಯ ಸಾರ. ಕ್ಯಾಥರೀನಾ ಬ್ಲುಮ್ ಎಂಬುದು ಬೋಲ್‌ನ ಕಾವ್ಯನಾಮವಲ್ಲ, ಅವನ ಕತೆಯ ನಾಯಕಿಯ ಹೆಸರು. ಆ ಹೆಸರನ್ನೂ ಕಾರ್ಸ್ಟನ್ಸ್ ನೆಟ್ಟಗೆ ಹೇಳಲಿಲ್ಲ. ಪುಸ್ತಕದ ರಕ್ಷಾಪುಟವನ್ನೂ ಸರಿಯಾಗಿ ನೋಡದ ಮನುಷ್ಯ ಅದನ್ನು ಬರೆದವನಿಂದ ದೇಶನಿಷ್ಠೆಯ ಪ್ರಮಾಣಪತ್ರ ಕೇಳಿದ್ದ. ಐದು ವರ್ಷಗಳ ತರುವಾಯ, 1979ರಲ್ಲಿ, ಅವನು ಆ ದೇಶದ ರಾಷ್ಟ್ರಾಧ್ಯಕ್ಷನಾದ.

ಇದನ್ನು ಓದಿ ಯಾರು ಬೇಕಾದರೂ ನಗಬಹುದು. ಮುಸ್ಲಿಮ್ ಓದುಗನ ನಗು ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲೋ ಬಾಂಬು ಸಿಡಿದ ಮರುದಿನ ಆಫೀಸಿನಲ್ಲಿ, ಬಸ್ಸಿನಲ್ಲಿ, ಸಾಹಿತ್ಯ ಗೋಷ್ಠಿಯಲ್ಲಿ ಕೂಡ "ನೀವು ಇದನ್ನು ಖಂಡಿಸುವುದಿಲ್ಲವೇ?" ಎಂಬ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ಖಂಡಿಸಿದರೆ, "ಇಷ್ಟು ಮೆಲ್ಲಗೆ ಏಕೆ?" ಎಂದು ಕೇಳುತ್ತಾರೆ. ಜೋರಾಗಿ ಖಂಡಿಸಿದರೆ, "ಇದು ತೋರಿಕೆಗೆ" ಎನ್ನುತ್ತಾರೆ. ಬಿಳಿಯ, ಕ್ರೈಸ್ತ, ನೊಬೆಲ್ ಪ್ರಶಸ್ತಿ ಪಡೆದ ಒಬ್ಬ ಜರ್ಮನ್ ಲೇಖಕನೂ ಈ ಕಟಕಟೆಯಲ್ಲಿ ನಿಂತಿದ್ದ ಎಂಬುದು ನಮಗೆ ಸಮಾಧಾನ ಕೊಡುವ ಸಂಗತಿಯೇನಲ್ಲ. ಆದರೆ ಅಲ್ಲಿ ನಿಂತು ಅವನು ಏನು ಮಾಡಿದ ಎಂಬುದನ್ನು ನಾವು ನೋಡಲೇಬೇಕು.

ನೋಡುವುದಕ್ಕೆ ಅಡ್ಡಿ ಎರಡು ಕಡೆಯಿಂದ ಇದೆ. ನಮ್ಮ ಸಾಹಿತ್ಯ ವಲಯಕ್ಕೆ ಬೋಲ್ ಒಬ್ಬ 'ಮಾನವತಾವಾದಿ'. ಯುದ್ಧದ ಗಾಯಗಳನ್ನು, ಪಾಳುಬಿದ್ದ ಕಲೋನ್ ನಗರದ ಹಸಿವನ್ನು, ಒಂದು ತುಂಡು ರೊಟ್ಟಿಯ ಬೆಲೆಯನ್ನು ಬರೆದ ಮೃದು ಹೃದಯಿ. 'ಮಾನವತಾವಾದಿ' ಎಂಬ ಪದ ನಮ್ಮಲ್ಲಿ ಲೇಖಕನಿಗೆ ಹೊದಿಸುವ ಶಾಲು. ಶಾಲು ಹೊದಿಸಿದ ಮೇಲೆ ಅವನ ಮಾತು ಕೇಳಬೇಕಾಗಿಲ್ಲ. ಇನ್ನೊಂದು ಕಡೆ ನಮ್ಮವರೇ ಇದ್ದಾರೆ. ಪತ್ರಿಕೆಗಳಿಂದ ನೊಂದ ಸಮುದಾಯದ ಪ್ರಜ್ಞಾವಂತರಿಗೆ ಬೋಲ್ ಒಬ್ಬ ಒಳ್ಳೆಯ ವಕೀಲನಂತೆ ಕಾಣುತ್ತಾನೆ: ನಿರಪರಾಧಿಗಳ ಪರ ನಿಂತವನು. ಇದೂ ತಪ್ಪು ಓದು. ಬೋಲ್ ನಿರಪರಾಧಿಗಳ ಪರವಾಗಿ ಮಾತ್ರ ನಿಂತಿದ್ದರೆ ಅವನ ಮೇಲೆ ಅಷ್ಟು ಕೋಪ ಬರುತ್ತಿರಲಿಲ್ಲ. ಅಪರಾಧಿ ಇರಬಹುದಾದವನಿಗೂ ಮಾನವಿದೆ, ಅವನ ಬಗ್ಗೆಯೂ ನಿಖರವಾದ ಮಾತನ್ನೇ ಆಡಬೇಕು ಎಂದು ಅವನು ಹಠ ಹಿಡಿದ. ದೇಶ ಕ್ಷಮಿಸದೆ ಹೋದದ್ದು ಈ ಹಠವನ್ನು.

1971ರ ಡಿಸೆಂಬರ್ 22ರಂದು ಕೈಸರ್ಸ್‌ಲಾಟರ್ನ್ ಎಂಬ ಊರಿನಲ್ಲಿ ಬ್ಯಾಂಕ್ ದರೋಡೆಯಾಯಿತು. ಒಬ್ಬ ಪೋಲೀಸಿನವನು ಸತ್ತ. ಮರುದಿನವೇ 'ಬಿಲ್ಡ್' ಪತ್ರಿಕೆ ಬಾಡರ್-ಮೈನ್‌ಹೋಫ್ ಗುಂಪಿನ ಕೊಲೆಗಳು ಮುಂದುವರಿದಿವೆ ಎಂದು ದೊಡ್ಡಕ್ಷರಗಳಲ್ಲಿ ಸಾರಿತು. ಆ ಗುಂಪು ಎಡಪಂಥದ ಹೆಸರಿನಲ್ಲಿ ಬಂದೂಕು ಹಿಡಿದಿದ್ದು ನಿಜ. ಉಲ್ರಿಕೆ ಮೈನ್‌ಹೋಫ್ ಮೊದಲು ಹೆಸರುವಾಸಿ ಪತ್ರಕರ್ತೆಯಾಗಿದ್ದವಳು. ಆದರೆ ಆ ದಿನ ಪೋಲೀಸರ ಬಳಿ ಇದ್ದದ್ದು ಅನುಮಾನ, ಪುರಾವೆಯಲ್ಲ. ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಪ್ರತಿ ಮಾರುತ್ತಿದ್ದ ಪತ್ರಿಕೆ ಅನುಮಾನವನ್ನು ತೀರ್ಪಾಗಿ ಅಚ್ಚು ಹಾಕಿತ್ತು. ಬೋಲ್ 1972ರ ಜನವರಿಯಲ್ಲಿ 'ಡೆರ್ ಸ್ಪೀಗಲ್' ವಾರಪತ್ರಿಕೆಯಲ್ಲಿ ಸಿಟ್ಟಿನ ಒಂದು ಲೇಖನ ಬರೆದ. ಬೆರಳೆಣಿಕೆಯ ಜನ ಒಂದು ಕಡೆ, ಆರು ಕೋಟಿ ಜನರ ದೇಶ ಇನ್ನೊಂದು ಕಡೆ. ಇದನ್ನು ಮಹಾಯುದ್ಧ ಎನ್ನುತ್ತೀರಾ ಎಂದು ಕೇಳಿದ. ಮೈನ್‌ಹೋಫ್ ಶರಣಾಗಲಿ, ಬಹಿರಂಗ ವಿಚಾರಣೆ ನಡೆಯಲಿ, ಜನರನ್ನು ಕೆರಳಿಸಿದ್ದಕ್ಕಾಗಿ ಪತ್ರಿಕೆಯ ಒಡೆಯ ಸ್ಪ್ರಿಂಗರ್‌ನ ವಿಚಾರಣೆಯೂ ನಡೆಯಲಿ ಎಂದ. 'ಬಿಲ್ಡ್' ಬರೆದ ರೀತಿಯನ್ನು ಫ್ಯಾಸಿಸಂ ಎಂದೇ ಕರೆದ. ಕೆಲವು ಕಡೆ ಮಾತು ಮೀರಿದೆ, ಅದು ನನ್ನ ಅಭಿಪ್ರಾಯ. ಮಾತಿನ ತೂಕದ ಬಗ್ಗೆ ಪಾಠ ಹೇಳುವವನು ತಕ್ಕಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬಹುದಿತ್ತು.

ಇಲ್ಲೊಂದು ತಮಾಷೆಯೂ ಇದೆ. ಲೇಖನಕ್ಕೆ ಬೋಲ್ ಕೊಟ್ಟ ಶೀರ್ಷಿಕೆ ಬೇರೆಯೇ. ಸಂಪಾದಕರು ಅವನನ್ನು ಕೇಳದೆ ಅದನ್ನು ಕಿತ್ತು, ಉಲ್ರಿಕೆಗೆ ಬೇಕಾದದ್ದು ಕ್ಷಮೆಯೋ ಸುರಕ್ಷಿತ ದಾರಿಯೋ ಎಂಬರ್ಥದ ಶೀರ್ಷಿಕೆ ಹಾಕಿದರು. 'ಉಲ್ರಿಕೆ' ಎಂದು ಬರಿ ಹೆಸರಿನಿಂದ ಕರೆದ ಸಲಿಗೆ ಬೋಲ್‌ನದಲ್ಲ, ಸಂಪಾದಕರದು. ಆದರೆ ಅದೇ ಅವನ ಕೊರಳಿಗೆ ಗಂಟುಬಿತ್ತು. ಪತ್ರಿಕೆಗಳ ಶೀರ್ಷಿಕೆಯ ವಿರುದ್ಧ ಬರೆದ ಲೇಖನಕ್ಕೇ ಪತ್ರಿಕೆಯ ಶೀರ್ಷಿಕೆ ಮುಳುವಾಯಿತು!

ಮುಂದಿನದನ್ನು ಬೋಲ್‌ನ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1977ರಲ್ಲಿ ಕೈಸರ್ಸ್‌ಲಾಟರ್ನ್ ಪ್ರಕರಣದಲ್ಲಿ ಅದೇ ಗುಂಪಿಗೆ ಸೇರಿದವನಿಗೆ ಶಿಕ್ಷೆಯಾಯಿತು. ಹಾಗಾದರೆ 'ಬಿಲ್ಡ್' ಸರಿ, ಬೋಲ್ ತಪ್ಪು ಎಂದಾಯಿತೇ? ಇಲ್ಲ. ಅವರು ಕೊಂದಿಲ್ಲ ಎಂದು ಬೋಲ್ ಹೇಳಿರಲಿಲ್ಲ. ಕೊಂದಿದ್ದಾರೆಂದು ಇಂದು ನಿನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆಯಬೇಡ ಎಂದಿದ್ದ. ಲಾಟರಿ ಹೊಡೆದ ಮಾತ್ರಕ್ಕೆ ಜೂಜು ದುಡಿಮೆಯಾಗುವುದಿಲ್ಲ.

ಬೆಲೆ ತೆರಬೇಕಾಯಿತು. 'ಸಿಂಪಥೈಸರ್' ಎಂಬ ಪದ ಆಗ ಜರ್ಮನಿಯಲ್ಲಿ ಎಲ್ಲರ ಬಾಯಲ್ಲಿತ್ತು. ಬಂದೂಕು ಹಿಡಿಯದ, ಬಂದೂಕು ಹಿಡಿದವನಿಗೆ ಊಟ ಹಾಕದ, ಆದರೆ 'ಸ್ವಲ್ಪ ತಾಳಿ' ಎಂದು ಹೇಳಿದ ಮನುಷ್ಯನನ್ನು ಕೊಲೆಗಾರನ ಪಕ್ಕದಲ್ಲಿ ಕೂರಿಸಲು ಅದು ಒದಗಿತು. 1972ರ ಜೂನ್ 1ರಂದು, ಫ್ರಾಂಕ್‌ಫರ್ಟಿನಲ್ಲಿ ಬಾಡರ್ ಬಂಧನವಾದ ದಿನವೇ, ಐಫೆಲ್ ಪ್ರದೇಶದ ಬೋಲ್‌ನ ಹಳ್ಳಿಮನೆಗೆ ಪೋಲೀಸರು ಬಂದು ಅತಿಥಿಗಳ ಗುರುತು ಚೀಟಿ ಪರೀಕ್ಷಿಸಿದರು. ಅದೇ ವರ್ಷದ ಕೊನೆಗೆ ಅವನಿಗೆ ನೊಬೆಲ್ ಬಂತು. ಅದೇ ವರ್ಷದ ಜನವರಿಯಲ್ಲಿ ಸರ್ಕಾರಿ ನೌಕರಿಗೆ ಬರುವವರ ನಿಷ್ಠೆ ಪರೀಕ್ಷಿಸುವ ಆದೇಶವೂ ಹೊರಟಿತ್ತು. ಶಾಲೆಯ ಮಾಸ್ತರು, ರೈಲು ನೌಕರ, ಅಂಚೆಯವನು ಯಾರೂ ಅದರಿಂದ ಹೊರತಾಗಿರಲಿಲ್ಲ. ಹ್ಯಾನೋವರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಪೀಟರ್ ಬ್ರೂಕ್ನರ್ ಅಮಾನತಾದ. ಮೈನ್‌ಹೋಫ್‌ಗೆ ಆಶ್ರಯ ಕೊಟ್ಟನೆಂಬುದು ಅವನ ಮೇಲಿನ ಆಪಾದನೆ.

ಇಂಥ ಗಾಳಿಯಲ್ಲಿ 1974ರಲ್ಲಿ ಆ ಸಣ್ಣ ಪುಸ್ತಕ ಬಂತು. 'ಕ್ಯಾಥರೀನಾ ಬ್ಲುಮ್ ಕಳೆದುಕೊಂಡ ಮಾನ' ಎಂದು ಕನ್ನಡದಲ್ಲಿ ಹೇಳಬಹುದು. ಹಿಂಸೆ ಹೇಗೆ ಹುಟ್ಟಬಹುದು, ಎಲ್ಲಿಗೆ ಕರೆದೊಯ್ಯಬಹುದು ಎಂಬರ್ಥದ ಉಪಶೀರ್ಷಿಕೆಯೂ ಉಂಟು. ಕ್ಯಾಥರೀನಾ ಇಪ್ಪತ್ತೇಳರ ಹೆಣ್ಣುಮಗಳು. ಅನುಕೂಲಸ್ಥರ ಮನೆವಾರ್ತೆ ನೋಡಿಕೊಂಡು, ಸಾಲ ಮಾಡಿ ಒಂದು ಫ್ಲ್ಯಾಟು ಕೊಂಡವಳು. ಕಾರ್ನಿವಾಲ್ ಹಬ್ಬದ ಒಂದು ಸಂಜೆ ಲುಡ್ವಿಗ್ ಎಂಬವನನ್ನು ಕಂಡು ಮನಸೋಲುತ್ತಾಳೆ, ಮನೆಗೆ ಕರೆತರುತ್ತಾಳೆ. ಪೋಲೀಸರು ಅವನ ಬೆನ್ನು ಹತ್ತಿದ್ದಾರೆ. ಬೆಳಿಗ್ಗೆ ಅವರು ನುಗ್ಗುವ ಹೊತ್ತಿಗೆ, ಅವಳೇ ತೋರಿಸಿಕೊಟ್ಟ ದಾರಿಯಿಂದ ಅವನು ಪಾರಾಗಿದ್ದಾನೆ. ಅಲ್ಲಿಂದ ನಾಲ್ಕು ದಿನ. ಭಾನುವಾರ ಅವಳು ಟ್ಯೋಟ್ಗೆಸ್ ಎಂಬ ವರದಿಗಾರನನ್ನು ಗುಂಡಿಕ್ಕಿ ಕೊಂದು, ತಾನೇ ಹೋಗಿ ಪೋಲೀಸ್ ಅಧಿಕಾರಿಗೆ ತಿಳಿಸುತ್ತಾಳೆ. ಇದಿಷ್ಟೂ ಮೊದಲ ಪುಟಗಳಲ್ಲೇ ಗೊತ್ತಾಗುತ್ತದೆ. ಯಾರು ಕೊಂದರು ಎಂಬುದು ಈ ಕತೆಯ ಪ್ರಶ್ನೆಯೇ ಅಲ್ಲ. ಮೂಲದಲ್ಲಿ ಆ ಪತ್ರಿಕೆಗೆ ಹೆಸರಿಲ್ಲ; 'ಪತ್ರಿಕೆ' ಎಂಬ ಪದವನ್ನೇ ಉದ್ದಕ್ಕೂ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಲಾಗಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ, ಕನ್ನಡಕ್ಕೆ ತರುವವರು ಇದಕ್ಕೇನು ಮಾಡಬೇಕೋ! ಹೆಸರಿಲ್ಲದಿದ್ದರೂ ಅದು 'ಬಿಲ್ಡ್' ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಈ ಕತೆಯಲ್ಲಿ ಬೋಲ್ ರಾಜಕೀಯವನ್ನು ಎಲ್ಲಿಟ್ಟಿದ್ದಾನೆ ನೋಡಿ. ಭಾಷಣವಿಲ್ಲ, ಘೋಷಣೆಯಿಲ್ಲ. ಪೋಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಕ್ಯಾಥರೀನಾ ಒಂದೊಂದು ಪದಕ್ಕೂ ತಕರಾರು ತೆಗೆಯುತ್ತಾಳೆ. ತಾನು ಕೆಲಸ ಮಾಡಿದ ಮನೆಗಳಲ್ಲಿ ಗಂಡಸರು ತನ್ನ ಮೈಮೇಲೆ ಬೀಳಲು ಬರುತ್ತಿದ್ದರು ಎಂದು ಅವಳು ಹೇಳುತ್ತಾಳೆ. ಅಧಿಕಾರಿಗಳು ಅದನ್ನು ಪ್ರೀತಿ ತೋರಿಸುತ್ತಿದ್ದರು ಎಂದು ಬರೆದುಕೊಳ್ಳಲು ನೋಡುತ್ತಾರೆ. ಅವಳು ಒಪ್ಪುವುದಿಲ್ಲ. ಒಂದು ಇಬ್ಬರಿಂದ ಆಗುವುದು, ಇನ್ನೊಂದು ಒಬ್ಬನೇ ಮಾಡುವುದು; ಪದ ಬದಲಾಗದೆ ಸಹಿ ಹಾಕಲಾರೆ ಎಂದು ಕೂರುತ್ತಾಳೆ. ಗಂಡಸರು ತುಂಬಿದ ಆ ಕೋಣೆಗೆ ಈ ವ್ಯತ್ಯಾಸ ಕೇಳಿ ಬೇಸರ ಬರುತ್ತದೆ. ಮನೆಗೆಲಸದವಳಿಗೆ ವ್ಯಾಕರಣ ಏಕೆ? ನಮ್ಮ ಠಾಣೆಗಳಲ್ಲಿ ರೈಟರ್ ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಿದ ಎಷ್ಟು ಹೆಣ್ಣುಮಕ್ಕಳ ದೂರುಗಳು ಇದೇ ಒಂದು ಪದದ ಅಂತರದಲ್ಲಿ ಸತ್ತಿವೆಯೋ!

ಪತ್ರಿಕೆ ಮಾಡುವುದು ಇದರ ತದ್ವಿರುದ್ಧ ಕೆಲಸ. ರಜೆಯಲ್ಲಿದ್ದ ಅವಳ ಯಜಮಾನ, ವಕೀಲ ಬ್ಲೋರ್ನಾ, ಅವಳು ಜಾಣೆ, ಸಮಾಧಾನಿ ಎಂದು ಹೇಳಿದರೆ ಮರುದಿನ ಅದು ಕಲ್ಲೆದೆಯವಳು, ಲೆಕ್ಕಾಚಾರದವಳು ಎಂದು ಅಚ್ಚಾಗುತ್ತದೆ. ಕಾಯಿಲೆಯ ತಾಯಿ ಮಲಗಿದ್ದ ಆಸ್ಪತ್ರೆಗೆ ವರದಿಗಾರ ಬಣ್ಣ ಬಳಿಯುವವನ ವೇಷದಲ್ಲಿ ನುಗ್ಗುತ್ತಾನೆ. ಹೀಗೇಕಾಯಿತೋ ಎಂದು ಕೊರಗಿದ ಆಕೆಯ ಮಾತು, ಹೀಗಾಗುತ್ತದೆಂದು ನನಗೆ ಗೊತ್ತಿತ್ತು ಎಂಬ ಧಾಟಿಗೆ ತಿರುಗುತ್ತದೆ. ಮಾತು ಬಾರದ ಬಡಜನರಿಗೆ ಮಾತು ಕೂಡಿಸಿಕೊಡುವುದು ತನ್ನ ವೃತ್ತಿಧರ್ಮ ಎಂದು ಅವನು ಸಮರ್ಥಿಸಿಕೊಳ್ಳುತ್ತಾನೆ. ತಾಯಿ ಸಾಯುತ್ತಾಳೆ. ಇತ್ತ ಲುಡ್ವಿಗ್ ಯಾರನ್ನೂ ಕೊಂದವನಲ್ಲ. ಸೈನ್ಯದ ಹಣ ಕದ್ದು ಓಡಿಬಂದವನು ಎಂದು ಕೊನೆಗೆ ತಿಳಿಯುತ್ತದೆ. ಕಳ್ಳ ಹೌದು. ಬೋಲ್ ಅವನನ್ನು ತೊಳೆದ ಮುತ್ತು ಮಾಡುವುದಿಲ್ಲ.

ಜರ್ಮನ್ ಭಾಷೆಯ 'ಏರೆ' ಎಂಬ ಪದವನ್ನು ನಾನು 'ಮಾನ' ಎಂದಿದ್ದೇನೆ. ಕನ್ನಡದಲ್ಲಿ ಹೆಣ್ಣಿನ ಮಾನ ಎಂದೊಡನೆ ಮನಸ್ಸು ಸೀರೆಯ ಸೆರಗಿನ ಕಡೆಗೆ ಹೋಗುತ್ತದೆ, 'ಮಾನಭಂಗ' ಎಂಬ ಪದವೇ ಇದಕ್ಕೆ ಸಾಕ್ಷಿ. ಉರ್ದುವಿನ 'ಆಬ್ರೂ' ಇಲ್ಲಿ ಹೆಚ್ಚು ಹೊಂದುತ್ತದೆಯೇನೋ. ಆಬ್ ಎಂದರೆ ನೀರು, ಹೊಳಪು. ರೂ ಎಂದರೆ ಮುಖ. ಮುಖದ ಮೇಲಿನ ಹೊಳಪು. ಕ್ಯಾಥರೀನಾ ಕಳೆದುಕೊಂಡದ್ದು ಅದನ್ನು. ಪ್ರೀತಿಸಿದವನೊಡನೆ ರಾತ್ರಿ ಕಳೆದದ್ದರಿಂದ ಅವಳ ಮಾನ ಹೋಗಲಿಲ್ಲ, ಮುಖಪುಟದಲ್ಲಿ ಮುಖ ಬಂದದ್ದರಿಂದ ಹೋಯಿತು. ನಮ್ಮ ಉರ್ದು ಓದುಗರಲ್ಲೂ ಕೆಲವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಕಾಣಲಿ.

ಪುಸ್ತಕ ಕೊಲೆಯನ್ನು ಸಮರ್ಥಿಸುತ್ತದೆಯೇ? ಕಾರ್ಸ್ಟನ್ಸ್ ಆಗಲಿ, ಅವನಂಥ ನಮ್ಮವರಾಗಲಿ ಕೇಳುವ ಪ್ರಶ್ನೆ ಇದು. ಮಳೆ ಹೇಗೆ ಬರುತ್ತದೆ ಎಂದು ಹೇಳಿದವನು ಮಳೆ ತರಿಸಿದವನಲ್ಲ. ಕೊಂದವಳು ಓಡಿಹೋಗುವುದಿಲ್ಲ, ತಾನು ಮಾಡಿದ್ದನ್ನು ಸುತ್ತಿಬಳಸಿ ಹೇಳುವುದೂ ಇಲ್ಲ, ಜೈಲಿನಲ್ಲಿದ್ದಾಳೆ. ಬೋಲ್ ಅವಳಿಗೆ ಬಿಡುಗಡೆ ಬೇಡುವುದಿಲ್ಲ. ನನ್ನ ಆಕ್ಷೇಪಣೆ ಬೇರೆ ಕಡೆ ಇದೆ. ವರದಿಗಾರ ಟ್ಯೋಟ್ಗೆಸ್ ಪೂರಾ ಕಪ್ಪು. ಅವನಿಗೆ ಹೆಂಡತಿಯಿಲ್ಲ, ಸಾಲವಿಲ್ಲ, ಬೈಯುವ ಸಂಪಾದಕನಿಲ್ಲ, ರಾತ್ರಿಯ ಅಳುಕಿಲ್ಲ. ಸುಳ್ಳು ಬರೆಯುವ ವರದಿಗಾರರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಸಂಜೆ ಏಳಕ್ಕೆ ಪುಟ ತುಂಬಬೇಕಾದವರು. ಕ್ಯಾಥರೀನಾಳ ಒಂದು ಪದಕ್ಕೆ ಅಷ್ಟು ಪುಟ ಕೊಟ್ಟ ಬೋಲ್ ಇವನಿಗೂ ಒಂದು ಪುಟ ಕೊಟ್ಟಿದ್ದರೆ ಪುಸ್ತಕ ಇನ್ನೂ ಭಯಾನಕವಾಗುತ್ತಿತ್ತು. 1975ರಲ್ಲಿ ಶ್ಲ್ಯೋಂಡಾರ್ಫ್ ಮತ್ತು ಫಾನ್ ಟ್ರೋಟಾ ಮಾಡಿದ ಸಿನಿಮಾದಲ್ಲೂ ಈ ಕೊರತೆ ಹಾಗೆಯೇ ಉಳಿಯಿತು.

ಜರ್ಮನಿಯ ಈ ಕತೆಯನ್ನು ನಮ್ಮ ಪತ್ರಿಕೆಯಲ್ಲಿ ಹೇಳಲು ಕಾರಣವಿದೆ. ಕನ್ನಡ ಪತ್ರಿಕೆಗಳಲ್ಲಿ 'ಶಂಕಿತ ಉಗ್ರ' ಎಂಬ ಜೋಡಿಪದ ಚಾಲ್ತಿಗೆ ಬಂದು ಬಹಳ ಕಾಲವಾಯಿತು. 'ಶಂಕಿತ' ಎಂಬುದನ್ನು ಯಾರೂ ಓದುವುದಿಲ್ಲ. ಅದು ಉಪ್ಪಿನಕಾಯಿ ಜಾಡಿಯ ಮೇಲಿನ ಬಟ್ಟೆಯ ಹಾಗೆ, ಒಳಗಿರುವುದು ಎಲ್ಲರಿಗೂ ಗೊತ್ತು. ಇನ್ನೊಂದು ಪದ 'ನಂಟು'. ಉಗ್ರರೊಂದಿಗೆ ನಂಟು! 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವರಲ್ಲಿ ಒಬ್ಬ ಬೆಂಗಳೂರಿನವನು. ಎರಡು ದಿನಗಳ ಬಳಿಕ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಿಲ್ದಾಣದಲ್ಲಿ ಡಾ. ಮೊಹಮ್ಮದ್ ಹನೀಫ್ ಬಂಧನಕ್ಕೊಳಗಾದರು. ಅವರೂ ನಮ್ಮ ರಾಜ್ಯದವರೇ, ಬೆಂಗಳೂರಿನಲ್ಲಿ ವೈದ್ಯ ಓದಿದವರು. ಬ್ರಿಟನ್ ಬಿಟ್ಟು ಹೊರಡುವಾಗ ತಮ್ಮ ಸಿಮ್ ಕಾರ್ಡನ್ನು ಬಂಧುವೊಬ್ಬನಿಗೆ ಕೊಟ್ಟಿದ್ದರು. ಆ ಸಿಮ್ ಸುಟ್ಟ ಜೀಪಿನಲ್ಲಿ ಸಿಕ್ಕಿತೆಂದು ಸರ್ಕಾರಿ ವಕೀಲ ನ್ಯಾಯಾಲಯಕ್ಕೆ ಹೇಳಿದ. ಅದು ಸಿಕ್ಕಿದ್ದು ನೂರಾರು ಮೈಲಿ ದೂರದ ಲಿವರ್‌ಪೂಲಿನಲ್ಲಿ, ಆ ಬಂಧುವಿನ ಬಳಿ. ಜುಲೈ 27ರಂದು ಆರೋಪ ವಾಪಸಾಯಿತು. 2008ರ ಡಿಸೆಂಬರಿನಲ್ಲಿ ಪ್ರಕಟವಾದ ವಿಚಾರಣಾ ವರದಿ ಆರೋಪಕ್ಕೆ ಆಧಾರವೇ ಇರಲಿಲ್ಲ ಎಂದಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು. ನಂಟು ಇತ್ತೇ? ಇತ್ತು. ನಂಟು ಎಂದರೆ ಕನ್ನಡದಲ್ಲಿ ನೆಂಟಸ್ತಿಕೆ. ಅವರು ನೆಂಟರಾಗಿದ್ದರು, ಅಷ್ಟೇ.

ಹನೀಫ್ ಪ್ರಕರಣವನ್ನು ನಾವು ಎಲ್ಲ ಸಭೆಗಳಲ್ಲೂ ಹೇಳುತ್ತೇವೆ, ಹೇಳಬೇಕು. ಆದರೆ ಅದೇ ಮನೆತನದ ನೆಂಟನೊಬ್ಬ ಜೀಪಿನಲ್ಲಿದ್ದ ಎಂಬುದನ್ನು ನುಂಗಿಕೊಳ್ಳುತ್ತೇವೆ. ಎಲ್ಲಿ ಯಾರ ಬಂಧನವಾದರೂ ನಮ್ಮ ಕೆಲವು ಮುಖಂಡರಿಂದ, ಪತ್ರಿಕೆಗಳಿಂದ ಅದೇ ಸಂಜೆ 'ಅಮಾಯಕ ಯುವಕ' ಎಂಬ ಪದ ಹೊರಡುತ್ತದೆ. ಇವರಿಗೆ ಹೇಗೆ ಗೊತ್ತು? ಮೊದಲ ದಿನದ 'ಅಮಾಯಕ'ನೂ ಮೊದಲ ದಿನದ 'ಉಗ್ರ'ನೂ ಒಂದೇ ಅಚ್ಚಿನ ಮೊಳೆಗಳು. ಅಷ್ಟೇ ಅಲ್ಲ, 'ಅಮಾಯಕ' ಎಂಬ ವಾದದಲ್ಲಿ ಒಂದು ದೊಡ್ಡ ಅಪಾಯವಿದೆ: ನಿರಪರಾಧಿಯಾದರೆ ಮಾತ್ರ ಹಕ್ಕುಗಳುಂಟು ಎಂದು ನಾವೇ ಒಪ್ಪಿಕೊಟ್ಟಂತಾಗುತ್ತದೆ. ನಾಳೆ ಒಬ್ಬನ ಅಪರಾಧ ಸಾಬೀತಾದರೆ ನಮ್ಮ ಬಾಯಿ ಕಟ್ಟುತ್ತದೆ. ಅವನಿಗೆ ಬಿದ್ದ ಏಟು, ಅವನ ತಾಯಿಯ ಬಾಗಿಲಲ್ಲಿ ನಿಂತ ಕ್ಯಾಮೆರಾಗಳು, ವಕೀಲರ ಸಂಘದ ನಿರಾಕರಣೆ ಎಲ್ಲವೂ ನ್ಯಾಯವಾಗಿಬಿಡುತ್ತವೆ. ಅವನನ್ನು ಯಾವ ದಿನ ಹಿಡಿದರು, ಯಾವ ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ತಂದರು, ಯಾವ ಕಲಂ ಹಾಕಿದರು, ತಾಯಿ ಆಡಿದ ಮಾತು ನಿಜಕ್ಕೂ ಏನು ಎಂದು ಬರೆಯುವ ಪತ್ರಿಕೆ ನಮಗೆ ಬೇಕು. ಅದು ಕಷ್ಟದ ಕೆಲಸ. 'ಅಮಾಯಕ' ಎನ್ನುವುದು ಸುಲಭ.

ಬೋಲ್‌ನನ್ನು ಗುರಾಣಿ ಮಾಡಿಕೊಳ್ಳುವವರು ಅವನ ಇನ್ನೊಂದು ಮುಖವನ್ನೂ ನೋಡಬೇಕು. ಅವನು ಕ್ಯಾಥೊಲಿಕ್, ಆ ನಂಬಿಕೆಯೊಳಗೇ ಬೆಳೆದವನು. 1963ರಲ್ಲಿ ಬಂದ ಅವನ ಕೋಡಂಗಿಯ ಕಾದಂಬರಿ ಯುದ್ಧಾನಂತರದ ಶ್ರೀಮಂತ ಕ್ಯಾಥೊಲಿಕ್ ಸಮಾಜದ ಸೋಗಲಾಡಿತನವನ್ನು ಎಳೆದು ಬೀದಿಗೆ ಹಾಕಿತು. ಮನೆಯ ಮಾತನ್ನು ಹೊರಗೆ ಆಡುವುದೇ ಎಂದು ಅವನ ಧರ್ಮದವರು ಮುನಿದರು. ನಮ್ಮ ಲೇಖಕಿಯರು ತಲಾಖಿನ ಬಗ್ಗೆ ಕತೆ ಬರೆದಾಗ ಎದ್ದ ಗದ್ದಲ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1976ರಲ್ಲಿ ಅವನು ಚರ್ಚಿನ ಸದಸ್ಯತ್ವ ಬಿಟ್ಟ, ನಂಬಿಕೆಯನ್ನು ಬಿಡಲಿಲ್ಲ. 'ಬಿಲ್ಡ್' ವಿರುದ್ಧ ಬರೆಯುವಾಗ ಅವನ ಮಾತಿಗೆ ತೂಕ ಬಂದದ್ದು, ತನ್ನವರನ್ನೂ ಬಿಡದವನು ಎಂಬ ಕಾರಣದಿಂದ.

1971ರ 'ಗುಂಪುಚಿತ್ರದಲ್ಲಿ ಹೆಂಗಸು' ಕಾದಂಬರಿಯನ್ನು ನಮ್ಮ ಓದುಗರು ಬೇರೊಂದು ಕಾರಣಕ್ಕೆ ಓದಬೇಕು. ಅದರ ಲೇನಿ ಎಂಬ ಹೆಂಗಸು ಯುದ್ಧಕಾಲದಲ್ಲಿ ಸೋವಿಯತ್ ಯುದ್ಧಕೈದಿಯನ್ನು ಪ್ರೀತಿಸಿದವಳು, ಇಳಿವಯಸ್ಸಿಗೆ ಹತ್ತಿರವಾದಾಗ ತುರ್ಕಿಯ ಕೂಲಿಕಾರ ಮೆಹಮತ್‌ನ ಮಗುವಿಗೆ ಬಸಿರಾಗುತ್ತಾಳೆ. ಮನೆಯಿಂದ ಅವಳನ್ನು ಎತ್ತಂಗಡಿ ಮಾಡಲು ಹೊರಟಾಗ ವಲಸೆ ಬಂದ ಕೆಲಸಗಾರರು ಕಸದ ಲಾರಿಗಳನ್ನು ಅಡ್ಡ ನಿಲ್ಲಿಸಿ ರಸ್ತೆ ಕಟ್ಟುತ್ತಾರೆ. ಜರ್ಮನಿಯ ಕಸ ಎತ್ತುತ್ತಿದ್ದ ಮುಸಲ್ಮಾನ ಆ ದೇಶದ ಕಾದಂಬರಿಯೊಳಗೆ ಗೌರವದಿಂದ ಬಂದು ಕುಳಿತದ್ದು ಹೀಗೆ. ಅವನು ಅಲ್ಲಿ ಅಮಾಯಕನಲ್ಲ, ಸಂತನೂ ಅಲ್ಲ. ಕೆಲಸಗಾರ, ನೆರೆಯವ, ಪ್ರಿಯಕರ.

ಕಾರ್ಸ್ಟನ್ಸ್ ಕರೆಗೆ ಕೆಲವೇ ದಿನ ಮುಂಚೆ ಇನ್ನೊಂದು ಘಟನೆ ನಡೆದಿತ್ತು. 1974ರ ನವೆಂಬರಿನಲ್ಲಿ ಬರ್ಲಿನ್ನಿನ ಹಿರಿಯ ನ್ಯಾಯಾಧೀಶ ಡ್ರೆಂಕ್‌ಮಾನ್ ಕೊಲೆಯಾದಾಗ, ಟಿವಿ ವ್ಯಾಖ್ಯಾನಕಾರ ಮತ್ತಿಯಾಸ್ ವಾಲ್ಡೆನ್ ಹಿಂಸೆಗೆ ನೆಲ ಹದಮಾಡಿದವರಲ್ಲಿ ಬೋಲ್ ಒಬ್ಬನೆಂದು ಹೇಳಿ, ಅವನ ಹಳೆಯ ಭಾಷಣದ ಮಾತುಗಳನ್ನು ತಿರುಚಿ ಉದ್ಧರಿಸಿದ. ಬೋಲ್ ಖಂಡನಾ ಹೇಳಿಕೆ ಕೊಡಲಿಲ್ಲ, ನ್ಯಾಯಾಲಯಕ್ಕೆ ಹೋದ. ಗೆದ್ದ, ಮೇಲಿನ ಕೋರ್ಟಿನಲ್ಲಿ ಸೋತ, ಮತ್ತೆ ಹೋದ. 1980ರ ಜೂನ್ 3ರಂದು ಅಲ್ಲಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಒಬ್ಬನ ಮಾತನ್ನು ತಪ್ಪಾಗಿ ಉದ್ಧರಿಸುವುದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿಲ್ಲ, ಉದ್ಧರಣೆಯೆಂದರೆ ಆ ಮನುಷ್ಯನನ್ನು ಅವನ ವಿರುದ್ಧವೇ ಸಾಕ್ಷಿ ನಿಲ್ಲಿಸಿದಂತೆ, ಅವನ ಮಾತಿಗೆ ನೀನು ಕೊಟ್ಟ ಅರ್ಥವಾದರೆ ಅದು ನಿನ್ನ ಅರ್ಥವೆಂದು ಹೇಳು. ಕ್ಯಾಥರೀನಾ ಠಾಣೆಯಲ್ಲಿ ಕೂತು ಹಿಡಿದ ಹಠ ಇದೇ ಅಲ್ಲವೇ? 40,000 ಮಾರ್ಕ್ ಪರಿಹಾರ ಅಂತಿಮವಾಗಿ ಖಾಯಂ ಆದದ್ದು 1981ರ ಡಿಸೆಂಬರಿನಲ್ಲಿ. ಎರಡು ಮೂರು ನಿಮಿಷದ ಮಾತಿಗೆ ಏಳು ವರ್ಷ ಹಿಡಿಯಿತು. ಬೋಲ್ ಬಳಿ ನೊಬೆಲ್ ಇತ್ತು, ವಕೀಲರಿದ್ದರು, ಕಾಯುವ ಶಕ್ತಿಯಿತ್ತು.